ಇಟಲಿಯ ವೈನ್: ರುಚಿಗೆ ಅಳತೆಗೋಲು ಯಾವುದು?

ಇಟಲಿಯ ವೈನ್ ಬಗ್ಗೆ ಬರೆದವರೆಲ್ಲ ಒಂದಲ್ಲ ಒಂದು ಹಂತದಲ್ಲಿ ಒಂದೇ ಪ್ರಶ್ನೆಯ ಮುಂದೆ ಬಂದು ನಿಲ್ಲುತ್ತಾರೆ: ಈ ವೈನುಗಳ ಗುಣವನ್ನು ಯಾವುದರಿಂದ ಅಳೆಯಬೇಕು? ಬಾಟಲಿಯ ಕೊರಳಿಗೆ ಸರ್ಕಾರ ಸುತ್ತಿದ ಪಟ್ಟಿಯಿಂದಲೇ? ದ್ರಾಕ್ಷಿಯ ತಳಿಯಿಂದಲೇ? ಮಾಡಿದವರ ಹೆಸರಿನಿಂದಲೇ? ವಿಮರ್ಶಕರು ಕೊಟ್ಟ ಅಂಕಗಳಿಂದಲೇ? ಕಳೆದ ಅರವತ್ತು ವರ್ಷಗಳಲ್ಲಿ ಈ ನಾಲ್ಕೂ ಉತ್ತರಗಳು ಒಂದೊಂದಾಗಿ ಮುನ್ನೆಲೆಗೆ ಬಂದಿವೆ. ಪ್ರತಿಯೊಂದರಲ್ಲೂ ಹುರುಳಿದೆ, ಪ್ರತಿಯೊಂದಕ್ಕೂ ಮಿತಿಯೂ ಇದೆ. ಈ ನಾಲ್ಕನ್ನೂ ಇಲ್ಲಿ ಒರೆಗೆ ಹಚ್ಚಿ, ಐದನೆಯದೊಂದರ ಪರವಾಗಿ ವಾದಿಸಲು ಹೊರಟಿದ್ದೇನೆ. ಇಟಲಿಯ ಬಹುಪಾಲು ವೈನುಗಳ ಹುಳಿ, ಒಗರು, ಕಹಿಗಳು ಊಟದ ಜೊತೆಗಿನ ಒಡನಾಟದಲ್ಲೇ ರೂಪುಗೊಂಡವು. ಊಟದಿಂದ ಬೇರ್ಪಡಿಸಿ ಕೊಡುವ ತೀರ್ಪು ಅರ್ಧ ತೀರ್ಪು.

ಈ ಪ್ರಶ್ನೆ ಇಟಲಿಯ ಮಟ್ಟಿಗೆ ಇಷ್ಟು ಕಗ್ಗಂಟಾಗಲು ಕಾರಣವಿದೆ. ದೇಶದ 20 ಪ್ರಾಂತ್ಯಗಳಲ್ಲಿ ವೈನ್ ಮಾಡದ ಪ್ರಾಂತ್ಯ ಒಂದೂ ಇಲ್ಲ. ಉತ್ತರದ ತುದಿಯಲ್ಲಿ ಜರ್ಮನ್ ಮಾತನಾಡುವ ಆಲ್ತೊ ಆದಿಜೆಯ ಆಲ್ಪ್ಸ್ ಇಳಿಜಾರುಗಳಿವೆ. ದಕ್ಷಿಣದಲ್ಲಿ, ಸಿಸಿಲಿಗಿಂತ ಟ್ಯುನೀಷಿಯಾಕ್ಕೇ ಹತ್ತಿರವಿರುವ ಪಾಂತೆಲ್ಲೆರಿಯಾ ದ್ವೀಪದಲ್ಲಿ ಗಾಳಿಯ ಹೊಡೆತ ತಪ್ಪಿಸಲು ಗುಣಿ ತೋಡಿ ಬಳ್ಳಿಯನ್ನು ನೆಲಮಟ್ಟದಲ್ಲೇ ಕುಳ್ಳಗೆ ಬೆಳೆಸುತ್ತಾರೆ. ಈ ಕೃಷಿ ಪದ್ಧತಿಯನ್ನು ಯುನೆಸ್ಕೊ 2014ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಇವೆರಡರ ನಡುವೆ ಕಾನೂನು ಮಾನ್ಯತೆ ಪಡೆದ ದ್ರಾಕ್ಷಿ ತಳಿಗಳೇ 350ಕ್ಕೂ ಹೆಚ್ಚು. ಇಷ್ಟು ವೈವಿಧ್ಯವನ್ನು ಒಂದೇ ಅಳತೆಗೋಲಿಗೆ ಒಗ್ಗಿಸುವುದು ಸುಲಭವಲ್ಲ.

ಇಟಲಿಯ ವೈನಿಗೆ ಪ್ರಾಚೀನ ಕೀರ್ತಿಯಿದೆ. ರೋಮನ್ ಲೇಖಕ ಪ್ಲಿನಿ ತನ್ನ ಬೃಹತ್ ನಿಸರ್ಗಚರಿತ್ರೆಯ 14ನೇ ಸಂಪುಟವನ್ನು ದ್ರಾಕ್ಷಿ ಬಳ್ಳಿ ಮತ್ತು ವೈನಿಗೇ ಮೀಸಲಿಟ್ಟ. 1716ರಲ್ಲಿ ತೊಸ್ಕಾನಾದ ದೊರೆ ಮೂರನೆಯ ಕೊಸಿಮೊ ಕಿಯಾಂತಿ ಸೇರಿದಂತೆ ನಾಲ್ಕು ವೈನ್ ಸೀಮೆಗಳಿಗೆ ಗಡಿ ಗುರುತಿಸಿ ಆಜ್ಞೆ ಹೊರಡಿಸಿದ. ಇಷ್ಟಾದರೂ ಇಪ್ಪತ್ತನೆಯ ಶತಮಾನದ ನಡುವಿನವರೆಗೆ ಇಲ್ಲಿನ ಹೆಚ್ಚಿನ ವೈನ್ ರೈತನ ಹೊಟ್ಟೆಯ ಪಾಲಿನದಾಗಿತ್ತು. ಮಧ್ಯ ಇಟಲಿಯಲ್ಲಿ ಭೂಮಾಲೀಕನಿಗೂ ಗೇಣಿದಾರನಿಗೂ ಬೆಳೆ ಹಂಚಿಕೆಯಾಗುವ ಪದ್ಧತಿ ಬೇರೂರಿತ್ತು. ಒಂದೇ ಹೊಲದಲ್ಲಿ ಗೋಧಿ, ಆಲಿವ್, ದ್ರಾಕ್ಷಿ ಬೆರೆತು ಬೆಳೆಯುತ್ತಿದ್ದವು. ವೈನ್ ದುಡಿಮೆಗಾರನ ದಿನದ ಆಹಾರದ ಭಾಗವಾಗಿತ್ತು. 1964ರ ಕಾನೂನು ಅಂಥ ಹೊಸ ಗೇಣಿ ಒಪ್ಪಂದಗಳನ್ನು ನಿಷೇಧಿಸಿತು. ರೈತರು ನಗರಗಳತ್ತ ಹೊರಟರು, ಹೊಲಗಳು ಬಿಕರಿಯಾದವು. ವೈನ್ ಮಾರುಕಟ್ಟೆಯ ಸರಕಾಗಿ ಹೊರಬಂದದ್ದು ಆಮೇಲೆಯೇ. ಅದಕ್ಕೆ ಅಳತೆಗೋಲು ಬೇಕಾದದ್ದೂ ಆಗಲೇ.

ಕೊರಳಪಟ್ಟಿಯ ಭರವಸೆ

ಮೊದಲ ಉತ್ತರ ಕಾನೂನಿನದು. 1963ರಲ್ಲಿ ಇಟಲಿ ಊರಿನ ಹೆಸರಿಗೆ ರಕ್ಷಣೆ ಕೊಡುವ ಡಿಒಸಿ ವ್ಯವಸ್ಥೆಯನ್ನು ಜಾರಿಗೆ ತಂದಿತು. ಯಾವ ಸೀಮೆಯಲ್ಲಿ, ಯಾವ ತಳಿಯಿಂದ, ಎಕರೆಗೆ ಎಷ್ಟು ಇಳುವರಿ ಮೀರದಂತೆ, ಎಷ್ಟು ತಿಂಗಳು ಮಾಗಿಸಿ ವೈನ್ ಮಾಡಬೇಕೆಂದು ಪ್ರತಿ ಹೆಸರಿಗೂ ನಿಯಮಾವಳಿ ಬಂತು. 1966ರಲ್ಲಿ ಮೊದಲ ಮಾನ್ಯತೆ ಸಿಕ್ಕಿದ್ದು ತೊಸ್ಕಾನಾದ ಬಿಳಿ ವೈನ್ ವೆರ್ನಾಚ್ಚಾ ದಿ ಸಾನ್ ಜಿಮಿನ್ಯಾನೊಗೆ. ಅದರ ಮೇಲಿನ ದರ್ಜೆಯಾದ ಡಿಒಸಿಜಿ 1980ರಲ್ಲಿ ಬಾರೋಲೊ, ಬಾರ್ಬರೆಸ್ಕೊ, ಬ್ರುನೆಲ್ಲೊ ದಿ ಮೊಂತಾಲ್ಚೀನೊ ಮೊದಲಾದವುಗಳಿಂದ ಆರಂಭವಾಯಿತು. ಈ ದರ್ಜೆಯ ವೈನ್ ಬಾಟಲಿಗೆ ಹೋಗುವ ಮುನ್ನ ಪ್ರಯೋಗಾಲಯದ ಪರೀಕ್ಷೆಯನ್ನೂ ಸವಿಯುವವರ ಮಂಡಳಿಯ ಪರೀಕ್ಷೆಯನ್ನೂ ದಾಟಬೇಕು. ದಾಟಿದ್ದಕ್ಕೆ ಸಾಕ್ಷಿ ಕೊರಳಿನ ಮೇಲಿನ ಕ್ರಮಸಂಖ್ಯೆಯ ಪಟ್ಟಿ.

ಕೊಳ್ಳುವವನಿಗೆ ಈ ವ್ಯವಸ್ಥೆ ದೊಡ್ಡ ಉಪಕಾರ ಮಾಡಿದೆ. ಬಾರೋಲೊ ಎಂದರೆ ಪೂರ್ತಿ ನೆಬ್ಬಿಯೋಲೊ ದ್ರಾಕ್ಷಿ, ಕನಿಷ್ಠ 38 ತಿಂಗಳ ಮಾಗುವಿಕೆ, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಹಣೆಪಟ್ಟಿಯಲ್ಲಿ 'ರಿಸೆರ್ವಾ' ಎಂದಿದ್ದರೆ 62 ತಿಂಗಳು. 'ಕ್ಲಾಸಿಕೊ' ಎಂದಿದ್ದರೆ ಆ ಸೀಮೆಯ ಮೂಲ ಭಾಗದ್ದು, 'ಸುಪೆರಿಯೋರೆ' ಎಂದಿದ್ದರೆ ಸಾಮಾನ್ಯವಾಗಿ ಮದ್ಯಾಂಶ ತುಸು ಹೆಚ್ಚು. ಹೆಸರುಗಳ ಗೋಜಲೂ ಇದೆ. ಮೊಂತೆಪುಲ್ಚಾನೊ ದಾಬ್ರುತ್ಸೊ ಎಂಬುದರಲ್ಲಿ ಮೊಂತೆಪುಲ್ಚಾನೊ ದ್ರಾಕ್ಷಿಯ ಹೆಸರು. ವೀನೊ ನೋಬಿಲೆ ದಿ ಮೊಂತೆಪುಲ್ಚಾನೊ ಎಂಬುದರಲ್ಲಿ ಅದು ಊರಿನ ಹೆಸರು, ದ್ರಾಕ್ಷಿ ಸಾಂಜೊವೇಸೆ. ಒಂದಕ್ಕೊಂದು ಸಂಬಂಧವಿಲ್ಲ. ಪ್ರೊಸೆಕ್ಕೊದಲ್ಲಿ 'ಎಕ್ಸ್‌ಟ್ರಾ ಡ್ರೈ' ಎಂದು ಬರೆದದ್ದು 'ಬ್ರೂತ್' ಎಂದು ಬರೆದದ್ದಕ್ಕಿಂತ ಸಿಹಿ. ಇಷ್ಟನ್ನು ತಿಳಿದುಕೊಂಡರೆ ಅಂಗಡಿಯಲ್ಲಿ ಎಡವುವುದು ಬಹುಪಾಲು ತಪ್ಪುತ್ತದೆ.

ಆದರೆ ಕಾನೂನು ರೂಢಿಯನ್ನು ಕಾಯುತ್ತದೆಯೇ ಹೊರತು ಗುಣವನ್ನು ಹುಟ್ಟಿಸಲಾರದು. ಕಿಯಾಂತಿಯ ಕತೆ ಇದಕ್ಕೆ ಒಳ್ಳೆಯ ಪುರಾವೆ. 1967ರ ಕಿಯಾಂತಿ ನಿಯಮಗಳು ಕೆಂಪು ಸಾಂಜೊವೇಸೆಗೆ ಬಿಳಿ ದ್ರಾಕ್ಷಿ ಬೆರೆಸುವುದನ್ನು ಕಡ್ಡಾಯ ಮಾಡಿದ್ದವು. ಇಳುವರಿ ಹೆಚ್ಚಿತು, ವೈನ್ ತೆಳ್ಳಗಾಯಿತು. ಹುಲ್ಲು ಹೆಣೆದ ಗುಂಡು ಬಾಟಲಿ ಅಗ್ಗದ ವೈನಿನ ಗುರುತಾಯಿತು. ಇದರಿಂದ ಬೇಸತ್ತ ಕೆಲವರು ನಿಯಮದಿಂದಲೇ ಹೊರನಡೆದರು. ಬೊಲ್ಗೆರಿ ಕರಾವಳಿಯಲ್ಲಿ ಮಾರಿಯೊ ಇಂಚೀಸಾ ದೆಲ್ಲಾ ರೊಕ್ಕೆತ್ತಾ ಫ್ರಾನ್ಸಿನ ಕಾಬೆರ್ನೆ ಬಳ್ಳಿ ನೆಟ್ಟು ಮನೆಬಳಕೆಗೆ ಮಾಡುತ್ತಿದ್ದ ಸಾಸ್ಸಿಕಾಯಾ 1968ರ ಕೊಯ್ಲಿನೊಂದಿಗೆ ಮಾರುಕಟ್ಟೆಗೆ ಬಂತು. 1971ರ ಕೊಯ್ಲಿನಿಂದ ಆಂತಿನೋರಿ ಮನೆತನ ತಿನ್ಯಾನೆಲ್ಲೊ ತಂದಿತು. ಎರಡರ ಹಿಂದೆಯೂ ವೈನ್ ತಜ್ಞ ಜಾಕೊಮೊ ತಾಕಿಸ್ ಇದ್ದರು. ದೇಶದ ಅತಿ ದುಬಾರಿ ವೈನುಗಳ ಸಾಲಿಗೆ ಸೇರಿದ ಇವು ವರ್ಷಗಟ್ಟಲೆ ಅತಿ ಕೆಳಗಿನ 'ವೀನೊ ದಾ ತಾವೊಲಾ', ಅಂದರೆ ಸಾದಾ ಊಟದ ವೈನ್ ಎಂಬ ದರ್ಜೆಯಲ್ಲೇ ಮಾರಾಟವಾದವು. 1992ರ ಕಾನೂನು ಐಜಿಟಿ ಎಂಬ ನಡುವಿನ ದರ್ಜೆ ಸೃಷ್ಟಿಸಿ ಇಂಥವುಗಳಿಗೆ ಜಾಗ ಮಾಡಿಕೊಟ್ಟಿತು. ಕಿಯಾಂತಿ ಕ್ಲಾಸಿಕೊದಲ್ಲಿ ಬಿಳಿ ದ್ರಾಕ್ಷಿ ಬೆರೆಸುವುದು 2006ರ ಕೊಯ್ಲಿನಿಂದ ಸಂಪೂರ್ಣ ನಿಂತಿತು. ಇಂದು ಅಲ್ಲಿ ಕನಿಷ್ಠ ಶೇ 80 ಸಾಂಜೊವೇಸೆ ಇರಲೇಬೇಕು.

ಇನ್ನೂ ಕಠೋರ ಪಾಠ 1986ರದು. ಅಗ್ಗದ ವೈನಿನ ಮದ್ಯಾಂಶ ಏರಿಸಲು ಮೆಥನಾಲ್ ಬೆರೆಸಿದ ಪರಿಣಾಮ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ಹಲವರು ದೃಷ್ಟಿ ಕಳೆದುಕೊಂಡರು. ಕಾನೂನು ಪುಸ್ತಕದಲ್ಲಿದ್ದರೆ ಸಾಲದು, ನೆಲಮಾಳಿಗೆಯವರೆಗೂ ಅದರ ಕಣ್ಣು ತಲುಪಬೇಕು ಎಂಬುದು ಅಂದು ಇಡೀ ದೇಶಕ್ಕೆ ಮನದಟ್ಟಾಯಿತು. ಕಡಿಮೆ ಬೆಳೆ, ಹೆಚ್ಚು ಗುಣ ಎಂಬ ಹಾದಿಗೆ ಇಟಲಿ ಗಟ್ಟಿಯಾಗಿ ಹೊರಳಿದ್ದು ಆ ಸಾವುಗಳ ನಂತರ.

ತಳಿಯ ಜಾಡು ಹಿಡಿದು

ಎರಡನೆಯ ಉತ್ತರ ದ್ರಾಕ್ಷಿಯದು. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ. ನಾಲ್ಕೈದು ತಳಿಗಳ ಚಹರೆಯನ್ನು ನಾಲಿಗೆಗೆ ಪರಿಚಯ ಮಾಡಿಕೊಟ್ಟರೆ ನಕ್ಷೆಯ ಅರ್ಧ ತೆರೆದಂತೆ.

ನೆಬ್ಬಿಯೋಲೊವನ್ನೇ ಹತ್ತಿರದಿಂದ ನೋಡೋಣ. ವಾಯವ್ಯ ಇಟಲಿಯ ಪಿಯೆಮೊಂತೆಯ ಲಾಂಗೆ ಗುಡ್ಡಗಳಲ್ಲಿ ಇದು ಬೇಗ ಚಿಗುರಿ, ಎಲ್ಲಕ್ಕಿಂತ ತಡವಾಗಿ, ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ ಕೊಯ್ಲಿಗೆ ಬರುತ್ತದೆ. ಹತ್ತು ವರ್ಷ ಮಾಗಿದ ಬಾರೋಲೊವನ್ನು ಅಗಲ ಬಾಯಿಯ ಗ್ಲಾಸಿಗೆ ಮೂರನೇ ಒಂದರಷ್ಟು ಸುರಿದು ಬಿಳಿ ಬಟ್ಟೆಯ ಮೇಲೆ ವಾಲಿಸಿದರೆ ಮೊದಲು ಬಣ್ಣವೇ ಅಚ್ಚರಿ ಹುಟ್ಟಿಸುತ್ತದೆ. ಇಷ್ಟು ಹೆಸರುವಾಸಿ ಕೆಂಪು ವೈನ್ ದಟ್ಟವಾಗಿರಬೇಕೆಂದು ಕಣ್ಣು ನಿರೀಕ್ಷಿಸುತ್ತದೆ. ಇದು ತಿಳಿಯಾಗಿದೆ, ಅಂಚಿನಲ್ಲಿ ಕಿತ್ತಳೆಯತ್ತ ತಿರುಗಿದೆ. ಮೂಗಿಗೆ ಮೊದಲು ಒಣಗಿದ ಗುಲಾಬಿ ದಳ, ಹಿಂದೆಯೇ ಚೆರ್ರಿ, ಸ್ವಲ್ಪ ಸೋಂಪು, ಕೊನೆಗೆ ಡಾಂಬರಿನ ವಾಸನೆ. ಗ್ಲಾಸನ್ನು ಒಮ್ಮೆ ಸುತ್ತಾಡಿಸಿ ಅರ್ಧ ಗಂಟೆ ಬಿಟ್ಟರೆ ಈ ಕ್ರಮ ಬದಲಾಗಿ ಒದ್ದೆ ಮಣ್ಣು, ಅಣಬೆ ಮೇಲೆ ಬರುತ್ತವೆ. ಒಂದು ಗುಟುಕು ಬಾಯೊಳಗೆ ಹರಡಿದಾಗ ಕೋಮಲ ಬಣ್ಣದ ನಿರೀಕ್ಷೆ ಸುಳ್ಳಾಗುತ್ತದೆ. ಮೊದಲು ಹುಳಿ ಬಾಯಲ್ಲಿ ನೀರೂರಿಸುತ್ತದೆ. ಕ್ಷಣದಲ್ಲೇ ಒಗರು ಹಬ್ಬಿ, ಎಳೆ ಅಡಿಕೆ ಅಗಿದಾಗಿನಂತೆ ಒಸಡು ಬಿಗಿದುಕೊಳ್ಳುತ್ತದೆ. ನುಂಗಿದ ಮೇಲೂ ಗುಲಾಬಿಯ ಘಮ ಬಹಳ ಹೊತ್ತು ಉಳಿಯುತ್ತದೆ. ಬಣ್ಣ ತೆಳು, ಘಮ ನವಿರು, ಹಿಡಿತ ಉಗ್ರ: ನೆಬ್ಬಿಯೋಲೊದ ಗುರುತೆಲ್ಲ ಈ ವೈರುಧ್ಯದಲ್ಲಿದೆ.

ಇದೇ ದ್ರಾಕ್ಷಿ ಕೆಲವೇ ಕಿಲೋಮೀಟರ್ ಅಂತರದಲ್ಲಿ ಬೇರೆ ಸ್ವಭಾವ ತಾಳುತ್ತದೆ. ಲಾ ಮೊರ್ರಾ ಊರಿನ ಬಾರೋಲೊ ಘಮಕ್ಕೆ ಹೆಸರು, ಬೇಗ ಹದಕ್ಕೆ ಬರುತ್ತದೆ. ಸೆರ್ರಾಲುಂಗಾದ್ದು ಬಿಗಿ, ವರ್ಷಗಟ್ಟಲೆ ಕಾಯಿಸುತ್ತದೆ. ಈ ಸೂಕ್ಷ್ಮವನ್ನು ಗುರುತಿಸಲೆಂದೇ 2010ರಲ್ಲಿ ಬಾರೋಲೊ ಸೀಮೆಯ 181 ಸ್ಥಳನಾಮಗಳಿಗೆ ಅಧಿಕೃತ ಗಡಿ ಹಾಕಲಾಯಿತು.

ಸಾಂಜೊವೇಸೆ ಮಧ್ಯ ಇಟಲಿಯ ಜೀವಾಳ. ಹುಳಿ ಚೆರ್ರಿ, ಒಣಗಿದ ಗಿಡಮೂಲಿಕೆ, ಚಹಾ ಎಲೆ ಇದರ ಗುರುತುಗಳು. ಮೊಂತಾಲ್ಚೀನೊದಲ್ಲಿ ಬಿಯೊಂದಿ-ಸಾಂತಿ ಮನೆತನ 1888ರ ಕೊಯ್ಲಿನಿಂದ ಬ್ರುನೆಲ್ಲೊ ಎಂಬ ಹೆಸರಿಗೆ ಬುನಾದಿ ಹಾಕಿತು. ದಕ್ಷಿಣದ ಅಲ್ಯಾನಿಕೊ ಜ್ವಾಲಾಮುಖಿ ಮಣ್ಣಿನಲ್ಲಿ ಬೆಳೆದು ತೌರಾಸಿಯಂಥ ಗಡುಸು, ದೀರ್ಘಾಯುಷಿ ವೈನ್ ಕೊಡುತ್ತದೆ. ಸಿಸಿಲಿಯ ಎಟ್ನಾ ಜ್ವಾಲಾಮುಖಿಯ ಮೈಮೇಲೆ ಸಾವಿರ ಮೀಟರ್ ಎತ್ತರದವರೆಗೂ ಬಳ್ಳಿಗಳಿವೆ. 1988ರಲ್ಲಿ ಜುಸೆಪ್ಪೆ ಬೆನಾಂತಿ ಅಲ್ಲಿ ಗುಣಮಟ್ಟದ ವೈನಿಗೆ ಕೈಹಾಕಿದಾಗ ಬಹುತೇಕ ತೋಟಗಳು ಪಾಳು ಬೀಳುತ್ತಿದ್ದವು. ಇಂದು ನೆರೆಲ್ಲೊ ಮಸ್ಕಲೇಸೆ ಎಂಬ ಅಲ್ಲಿನ ಕೆಂಪು ದ್ರಾಕ್ಷಿಗೂ ಕರ್ರಿಕಾಂತೆ ಎಂಬ ಬಿಳಿ ದ್ರಾಕ್ಷಿಗೂ ಜಗತ್ತಿನಾದ್ಯಂತ ಬೇಡಿಕೆಯಿದೆ.

ಬಿಳಿ ವೈನುಗಳ ಕತೆಯೇ ಹೆಚ್ಚು ಮನಮುಟ್ಟುವಂಥದ್ದು. ಕಾಂಪಾನಿಯಾದ ಫಿಯಾನೊ, ಗ್ರೇಕೊ ತಳಿಗಳು ಎರಡನೆಯ ಮಹಾಯುದ್ಧದ ನಂತರ ಉಳಿದದ್ದರಲ್ಲಿ ಅಂತೊನಿಯೊ ಮಸ್ತ್ರೊಬೆರಾರ್ದಿನೊ ಅವರ ಹಟದ ಪಾಲು ದೊಡ್ಡದು. ಅಳಿವಿನಂಚಿನಲ್ಲಿದ್ದ ತಿಮೊರಾಸ್ಸೊವನ್ನು ಪಿಯೆಮೊಂತೆಯ ತೊರ್ತೋನಾ ಗುಡ್ಡಗಳಲ್ಲಿ ವಾಲ್ತೆರ್ ಮಾಸ್ಸಾ 1980ರ ದಶಕದಲ್ಲಿ ಒಂಟಿಯಾಗಿ ಮೇಲೆತ್ತಿದರು. ಇಂಥ ಒಂದೊಂದು ತಳಿಯ ಉಳಿವೂ ಒಂದು ನೆಲದ ನೆನಪಿನ ಉಳಿವು ಎಂದೇ ನನ್ನ ಭಾವನೆ.

ಆದರೂ ತಳಿಯೊಂದೇ ಸಾಲದು. ಒಂದೇ ಸಾಂಜೊವೇಸೆಯಿಂದ ನೀರಿನಂಥ ವೈನೂ ಬರುತ್ತದೆ, ಮೂವತ್ತು ವರ್ಷ ಬಾಳುವ ವೈನೂ ಬರುತ್ತದೆ. ನಡುವೆ ಮನುಷ್ಯನ ಕೈ ಇದೆ.

ಪೀಪಾಯಿಯ ಜಗಳ

ಮೂರನೆಯ ಉತ್ತರ ಆ ಕೈಯದು, ಅಂದರೆ ಮಾಡಿದವರದು. ಅದು ಎಷ್ಟು ಎದ್ದು ಕಾಣಬೇಕು ಎಂಬ ಬಗ್ಗೆ ಇಟಲಿಯಲ್ಲಿ ನಡೆದಷ್ಟು ಜಗಳ ಬೇರೆಲ್ಲೂ ನಡೆದಿರಲಾರದು. ಹಳೆಯ ಬಾರೋಲೊ ಮನೆತನಗಳು ರಸವನ್ನು ಸಿಪ್ಪೆಯೊಂದಿಗೆ ವಾರಗಟ್ಟಲೆ ನೆನೆಸಿ, ಸ್ಲಾವೋನಿಯಾದ ಓಕ್ ಮರದ ಭಾರೀ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಡುತ್ತಿದ್ದವು. 1980ರ ದಶಕದಲ್ಲಿ ಎಲಿಯೊ ಆಲ್ತಾರೆ ಮತ್ತು ಜೊತೆಗಾರರು ಫ್ರಾನ್ಸಿನ ಬುರ್ಗುಂಡಿ ಸೀಮೆ ನೋಡಿಬಂದು ನೆನೆಸುವ ಅವಧಿಯನ್ನು ದಿನಗಳಿಗೆ ಇಳಿಸಿದರು, 225 ಲೀಟರಿನ ಹೊಸ ಬಾರಿಕ್ ಪೀಪಾಯಿ ತಂದರು. ಆಲ್ತಾರೆ ತನ್ನ ತಂದೆಯ ಹಳೆಯ ಪೀಪಾಯಿಗಳನ್ನು ಗರಗಸದಿಂದ ಕೊಯ್ದದ್ದು, ಅದಕ್ಕಾಗಿ ತಂದೆ ಆತನನ್ನು ಆಸ್ತಿಯಿಂದ ದೂರವಿಟ್ಟದ್ದು ಲಾಂಗೆಯಲ್ಲಿ ಎಲ್ಲರೂ ಬಲ್ಲ ಕತೆ. ಹೊಸ ಬಾರೋಲೊ ಬೇಗ ಕುಡಿಯಲು ಹದವಾಯಿತು, ವೆನಿಲ್ಲಾದ ಘಮ ಬಂತು, ಅಮೆರಿಕದಲ್ಲಿ ಬಿಸಿಯಾಗಿ ಮಾರಾಟವಾಯಿತು. ಎದುರು ಬಣದ ಬಾರ್ತೊಲೊ ಮಸ್ಕರೆಲ್ಲೊ ತನ್ನ ಬಾಟಲಿಗಳಿಗೆ ಕೈಯಾರೆ ಚಿತ್ರ ಬರೆದು ಬಾರಿಕ್ ವಿರುದ್ಧ ಘೋಷಣೆ ಅಂಟಿಸಿದರು. ಇಂದು ಎರಡೂ ಬಣಗಳು ನಡುದಾರಿಗೆ ಬಂದಿವೆ: ನೆಲಮಾಳಿಗೆಯ ಶುಚಿತ್ವವನ್ನು ಹೊಸಬರಿಂದ, ದೊಡ್ಡ ಪೀಪಾಯಿಯನ್ನು ಹಳಬರಿಂದ ಎತ್ತಿಕೊಂಡವರೇ ಹೆಚ್ಚು.

ಮಾಡುವ ಬಗೆಯೇ ವೈನಿನ ಗುರುತಾದ ಉದಾಹರಣೆಗಳೂ ಇವೆ. ವೆರೋನಾ ಬಳಿಯ ವಾಲ್ಪೊಲಿಚೆಲ್ಲಾದಲ್ಲಿ ಕೊರ್ವೀನಾ ಮೊದಲಾದ ದ್ರಾಕ್ಷಿ ಗೊಂಚಲುಗಳನ್ನು ಮೂರು ನಾಲ್ಕು ತಿಂಗಳು ಗಾಳಿಯಾಡುವ ಅಟ್ಟಗಳಲ್ಲಿ ಒಣಗಿಸುತ್ತಾರೆ. ತೂಕದ ಮೂರನೇ ಒಂದರಷ್ಟು ಆವಿಯಾಗಿ ಉಳಿದ ಗಟ್ಟಿ ರಸದಿಂದ ಬರುವುದು ಅಮರೋನೆ; ಮದ್ಯಾಂಶ ಶೇ 15 ದಾಟುವುದು ಮಾಮೂಲು. ಪ್ರೊಸೆಕ್ಕೊದ ನೊರೆ ಹುಟ್ಟುವುದು ಮುಚ್ಚಿದ ಉಕ್ಕಿನ ತೊಟ್ಟಿಯ ಎರಡನೆಯ ಹುದುಗುವಿಕೆಯಲ್ಲಿ. ಆಸ್ತಿ ನಗರದ ಫೆದೆರಿಕೊ ಮಾರ್ತಿನೊತ್ತಿ 1895ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದಿದ್ದ. ಲೊಂಬಾರ್ದಿಯಾದ ಫ್ರಾಂಚಾಕೊರ್ತಾ ಶಾಂಪೇನ್‌ನಂತೆ ಬಾಟಲಿಯೊಳಗೇ ನೊರೆ ಕಟ್ಟುತ್ತದೆ, ಬೆಲೆಯೂ ಏರುತ್ತದೆ. ಸ್ಲೊವೇನಿಯಾ ಗಡಿಯ ಒಸ್ಲಾವಿಯಾದಲ್ಲಿ ಯೊಶ್ಕೊ ಗ್ರಾವ್ನೆರ್ 2001ರಲ್ಲಿ ಉಕ್ಕಿನ ತೊಟ್ಟಿ, ಬಾರಿಕ್ ಎರಡನ್ನೂ ಬಿಟ್ಟು, ಜಾರ್ಜಿಯಾದಿಂದ ತರಿಸಿದ ಮಣ್ಣಿನ ಹರವಿಗಳನ್ನು ನೆಲದಲ್ಲಿ ಹೂತು ಬಿಳಿ ದ್ರಾಕ್ಷಿಯನ್ನು ಸಿಪ್ಪೆಯೊಡನೆ ತಿಂಗಳುಗಟ್ಟಲೆ ನೆನೆಸತೊಡಗಿದರು. ಆ ಕಿತ್ತಳೆ ಬಣ್ಣದ, ಒಗರಿನ ವೈನ್ ಇಂದು ಜಗತ್ತಿನೆಲ್ಲೆಡೆ ಅನುಯಾಯಿಗಳನ್ನು ಪಡೆದಿದೆ.

ಹೆಸರಾಂತ ತಯಾರಕರ ಹಿಂದೆ ಹೋಗುವವರು ಒಂದು ವಿಷಯ ಮರೆಯಬಾರದು. 1958ರಲ್ಲಿ ಬಾರ್ಬರೆಸ್ಕೊ ಊರಿನ ಪಾದ್ರಿಯೊಬ್ಬರು 19 ಸಣ್ಣ ಬೆಳೆಗಾರರನ್ನು ಕೂಡಿಸಿ ಚರ್ಚಿನ ನೆಲಮಾಳಿಗೆಯಲ್ಲಿ ಸಹಕಾರ ಸಂಘ ಕಟ್ಟಿದರು. ಆ ಪ್ರೊದುತ್ತೋರಿ ದೆಲ್ ಬಾರ್ಬರೆಸ್ಕೊ ಇಂದಿಗೂ ಸೀಮೆಯ ಅತ್ಯಂತ ನಂಬಿಕಸ್ತ ಹೆಸರುಗಳಲ್ಲೊಂದು, ಬೆಲೆಯೂ ನೆರೆಹೊರೆಯ ತಾರೆಗಳಿಗಿಂತ ಎಷ್ಟೋ ಕಡಿಮೆ. ಒಳ್ಳೆಯ ಕೈ ಎಂದರೆ ಒಬ್ಬನದೇ ಕೈ ಆಗಬೇಕಿಲ್ಲ.

ಅಂಕಗಳ ಆಳ್ವಿಕೆ

ನಾಲ್ಕನೆಯ ಉತ್ತರ ವಿಮರ್ಶಕರದು. ಲುಯಿಜಿ ವೆರೊನೆಲ್ಲಿ 1950ರ ದಶಕದಿಂದ ಸಣ್ಣ ರೈತನ ತೋಟ, ತೋಟದ ಹೆಸರು, ಕಡಿಮೆ ಇಳುವರಿ ಇವುಗಳ ಪರ ದನಿಯೆತ್ತಿದರು; ಇಟಲಿಯ ವೈನ್ ಬರವಣಿಗೆ ಗಂಭೀರವಾದದ್ದು ಅವರಿಂದ. 1980ರ ದಶಕದ ಕೊನೆಯಲ್ಲಿ ಬಂದ ಗಾಂಬೆರೊ ರೊಸ್ಸೊ ಕೈಪಿಡಿಯ 'ಮೂರು ಗ್ಲಾಸು' ಮನ್ನಣೆ, ಅಮೆರಿಕದ ರಾಬರ್ಟ್ ಪಾರ್ಕರ್ ಬೆಳೆಸಿದ ನೂರರ ಅಂಕಪದ್ಧತಿ ಮಾರುಕಟ್ಟೆಯ ದಿಕ್ಕನ್ನೇ ಬದಲಿಸಿದವು. ಅಪರಿಚಿತ ಹಳ್ಳಿಗಳ ವೈನ್ ಲೋಕಕ್ಕೆ ಗೊತ್ತಾದದ್ದು ಇವುಗಳಿಂದಲೇ. ಈ ಋಣ ದೊಡ್ಡದು.

ಆದರೆ ಅಂಕದ ಹಿಂದಿನ ನಾಲಿಗೆ ಎಷ್ಟು ಸ್ಥಿರ? 2001ರಲ್ಲಿ ಬೋರ್ದೊದ ಸಂಶೋಧಕರು 54 ಮಂದಿ ವೈನ್ ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಹಾಕಿ ಕೊಟ್ಟಾಗ, ಅವರು ಅದನ್ನು ಕೆಂಪು ವೈನಿನ ಶಬ್ದಗಳಲ್ಲೇ ಬಣ್ಣಿಸಿದರು. 2008ರಲ್ಲಿ ಪ್ರಕಟವಾದ ರಾಬರ್ಟ್ ಹಾಜ್‌ಸನ್ ಅವರ ಅಧ್ಯಯನ ಕ್ಯಾಲಿಫೋರ್ನಿಯಾದ ಸ್ಪರ್ಧೆಯೊಂದರ ತೀರ್ಪುಗಾರರಿಗೆ ಒಂದೇ ವೈನನ್ನು ಗುಟ್ಟಾಗಿ ಹಲವು ಸಲ ಕೊಟ್ಟು ನೋಡಿತು. ತಮ್ಮ ತೀರ್ಪಿಗೆ ತಾವೇ ಅಂಟಿಕೊಂಡವರು ಶೇ 10ರಷ್ಟು ಮಾತ್ರ. ಇದರಿಂದ ಸವಿಯುವುದೇ ಸುಳ್ಳು ಎಂಬ ತೀರ್ಮಾನಕ್ಕೆ ಬರಬೇಕಿಲ್ಲ. ಕಣ್ಣು, ನಿರೀಕ್ಷೆ, ಹಿಂದಿನ ಗುಟುಕು ಎಲ್ಲವೂ ರುಚಿಯೊಳಗೆ ಸೇರಿಕೊಳ್ಳುತ್ತವೆ. ಎರಡಂಕಿಯ ಸಂಖ್ಯೆ ಅಷ್ಟನ್ನೂ ಹೊರಲಾರದು ಎಂಬುದಷ್ಟೇ ಇಲ್ಲಿ ಗೊತ್ತಾಗುವುದು.

ಅಂಕಪದ್ಧತಿಯ ಇನ್ನೊಂದು ದೋಷ ಇಟಲಿಗೆ ವಿಶೇಷವಾಗಿ ಹೊಡೆಯುತ್ತದೆ. ತೀರ್ಪುಗಾರರು ಬೆಳಗಿನ ಹೊತ್ತು ಖಾಲಿ ಬಾಯಲ್ಲಿ ಸಾಲಾಗಿ ಹತ್ತಾರು ವೈನ್ ಸವಿದು ಉಗುಳುತ್ತಾರೆ. ಆ ಸಾಲಿನಲ್ಲಿ ಗೆಲ್ಲುವುದು ದಟ್ಟ ಬಣ್ಣದ, ಮೃದು ಒಗರಿನ, ಹಣ್ಣಿನ ಸಿಹಿಯ ವೈನ್. ಹುಳಿ ಹೆಚ್ಚಿರುವ, ತುದಿಯಲ್ಲಿ ಬಾದಾಮಿಯ ಕಹಿ ಉಳಿಸುವ ವೆರ್ಡಿಕ್ಕಿಯೊ, ಬಿಗಿ ಒಗರಿನ ಎಳೆಯ ನೆಬ್ಬಿಯೋಲೊ ಅಲ್ಲಿ ಒರಟಾಗಿ ಕಾಣುತ್ತವೆ. 1990ರ ದಶಕದಲ್ಲಿ ಅನೇಕರು ಅಂಕಕ್ಕಾಗಿ ತಮ್ಮ ವೈನನ್ನು ಬದಲಿಸಿದ್ದು ಇದೇ ಕಾರಣಕ್ಕೆ. ಪ್ರಶ್ನೆಪತ್ರಿಕೆ ಬೇರೆ, ಓದಿದ ಪಾಠ ಬೇರೆ ಆಗಿತ್ತು.

ಮೇಜಿನ ಮೇಲಿನ ತೀರ್ಪು

ಹಾಗಾದರೆ ಪಾಠ ಯಾವುದು? ಇಟಲಿಯ ವೈನ್ ಸೀಮೆಗಳ ನಕ್ಷೆಯ ಮೇಲೆ ಅಡುಗೆಯ ನಕ್ಷೆ ಇಟ್ಟರೆ ಉತ್ತರ ಸಿಗುತ್ತದೆ. ಎಮಿಲಿಯಾ ಹಂದಿಮಾಂಸ, ಬೆಣ್ಣೆ, ಪಾರ್ಮಿಜಾನೊ ಚೀಸ್‌ನ ನಾಡು. ಅಲ್ಲಿಯ ವೈನ್ ಹುಳಿಯೂ ನೊರೆಯೂ ಇರುವ ಕೆಂಪು ಲಾಂಬ್ರುಸ್ಕೊ. ಅಮೆರಿಕಕ್ಕೆ ಹೋದ ಸಿಹಿ ಬಗೆಯಿಂದ ಅದರ ಹೆಸರು ಕೆಟ್ಟಿತ್ತು. ಊರಿನಲ್ಲಿ ಕುಡಿಯುವ ಸಿಹಿಯಿಲ್ಲದ ಸೊರ್ಬಾರಾ ಬಗೆ ಕೊಬ್ಬಿನ ಜಿಡ್ಡನ್ನು ಬಾಯಿಂದ ತೊಳೆದು ಮುಂದಿನ ತುತ್ತಿಗೆ ಅಣಿ ಮಾಡುತ್ತದೆ. ಫ್ಲಾರೆನ್ಸಿನ ಕೆಂಡದ ಮೇಲೆ ಸುಟ್ಟ ದಪ್ಪ ದನದ ಮಾಂಸದ ಜೊತೆ ಕಿಯಾಂತಿಯ ಒಗರು. ಲಿಗೂರಿಯಾ, ಸಾರ್ದೇನ್ಯಾ ಕರಾವಳಿಯ ಮೀನಿನ ಜೊತೆ ಉಪ್ಪಿನ ಛಾಯೆಯ ವೆರ್ಮೆಂತೀನೊ. ಟೊಮೆಟೊದ ಹುಳಿಗೆ ಮಣಿಯದಿರಲು ಅದಕ್ಕಿಂತ ಹುಳಿಯಾದ ಸಾಂಜೊವೇಸೆ. ಇವೆಲ್ಲ ಶತಮಾನಗಳ ಊಟದಲ್ಲಿ ಒಂದನ್ನೊಂದು ತಿದ್ದಿಕೊಂಡ ಜೋಡಿಗಳು.

ಇದರ ಹಿಂದೆ ದೇಹಶಾಸ್ತ್ರವೂ ಇದೆ. ಟ್ಯಾನಿನ್ ಎಂಬ ಒಗರಿನ ಅಂಶ ಎಂಜಲಿನ ಪ್ರೋಟೀನಿಗೆ ಅಂಟಿಕೊಂಡು ಅದರ ಜಾರುತನ ಕಸಿಯುತ್ತದೆ. ಬಾಯಿ ಒಣಗಿ ಬಿಗಿಯುವುದು ಅದರಿಂದ. ಕೊಬ್ಬು ಇದಕ್ಕೆ ತದ್ವಿರುದ್ಧ, ಬಾಯನ್ನು ಜಾರಿಸುತ್ತದೆ. ಒಗರು ಮತ್ತು ಕೊಬ್ಬು ಬಾಯಲ್ಲಿ ಒಂದನ್ನೊಂದು ಸರಿದೂಗಿಸುತ್ತವೆ ಎಂದು 2012ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಉಪ್ಪು ಕಹಿಯನ್ನು ಅಡಗಿಸುತ್ತದೆ. ಮಾಂಸದ ತುಂಡು ಅಥವಾ ಹಳೆಯ ಚೀಸ್ ತಿಂದ ನಂತರದ ಬಾರೋಲೊ ಗುಟುಕು ಮೊದಲಿನದಕ್ಕಿಂತ ಮೆತ್ತಗೆ, ಹಣ್ಣಿನ ರುಚಿ ಹೆಚ್ಚಾಗಿ ಬರುವುದು ಈ ಕಾರಣಕ್ಕೆ. ಬಾಟಲಿಯಲ್ಲಿ ಏನೂ ಬದಲಾಗಿಲ್ಲ, ಬಾಯಿ ಬದಲಾಗಿದೆ.

ಆದ್ದರಿಂದ ಇಟಲಿಯ ವೈನನ್ನು ಎರಡು ಸುತ್ತಿನಲ್ಲಿ ಸವಿಯಬೇಕೆಂಬುದು ನನ್ನ ಖಚಿತ ನಿಲುವು. ಮೊದಲ ಸುತ್ತು ಬರಿಬಾಯಲ್ಲಿ: ಬಣ್ಣ, ಘಮ, ಹುಳಿ, ಒಗರು, ಉಳಿಯುವ ರುಚಿ, ಯಾವುದಾದರೂ ಕೆಡುಕಿನ ವಾಸನೆ ಇದೆಯೇ ಎಂಬ ಪರೀಕ್ಷೆ. ಎರಡನೆಯದು ಆ ಸೀಮೆಯ ಅಥವಾ ಅದಕ್ಕೆ ಹತ್ತಿರದ ತಿನಿಸಿನ ಜೊತೆ. ಎರಡೂ ಟಿಪ್ಪಣಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಕಾನೂನು, ತಳಿ, ತಯಾರಕ, ವಿಮರ್ಶಕ ಎಲ್ಲರೂ ಹೇಳಿದ್ದರಲ್ಲಿ ಎಷ್ಟು ನಿಜ ಎಂಬುದು ತಾನಾಗಿ ಗೊತ್ತಾಗುತ್ತದೆ. ಊಟದ ಜೊತೆ ಎರಡನೇ ಗ್ಲಾಸು ಬೇಕೆನಿಸುವ ವೈನ್ ಒಳ್ಳೆಯದು. ಮೊದಲ ಗುಟುಕಿಗೆ ಬೆರಗು ಹುಟ್ಟಿಸಿ ಅರ್ಧ ಗ್ಲಾಸಿಗೇ ಬೇಸರ ತರಿಸುವುದು ಎಷ್ಟೇ ಅಂಕ ಪಡೆದಿರಲಿ, ಆ ಮೇಜಿಗೆ ಸಲ್ಲದು.

ನಮ್ಮ ಕಡೆಯ ಮಾತು

ಬಹುಕಾಲ ಶೇ 150ರಷ್ಟಿದ್ದ ಆಮದು ಸುಂಕ, ಅದರ ಮೇಲೆ ರಾಜ್ಯದ ಅಬಕಾರಿ ತೆರಿಗೆ ಸೇರಿ ಇಟಲಿಯ ವೈನ್ ನಮ್ಮಲ್ಲಿ ದುಬಾರಿಯಾಗಿಯೇ ಉಳಿಯಿತು. ಹಾಗಾಗಿ ಆಯ್ಕೆಯಲ್ಲಿ ಜಾಣತನ ಬೇಕು. ಹೆಸರಿನ ಬೆಲೆ ತೆರಿಸುವ ಅಗ್ಗದ ಬಾರೋಲೊಗಿಂತ ಒಳ್ಳೆಯ ಲಾಂಗೆ ನೆಬ್ಬಿಯೋಲೊ, ಬ್ರುನೆಲ್ಲೊಗಿಂತ ಅದೇ ಊರಿನ ರೊಸ್ಸೊ ದಿ ಮೊಂತಾಲ್ಚೀನೊ ಹೆಚ್ಚು ಕಲಿಸುತ್ತವೆ. ನಮ್ಮ ಕೋಣೆಯ ಉಷ್ಣತೆ ಯುರೋಪಿನದಲ್ಲ. 28 ಡಿಗ್ರಿಯಲ್ಲಿ ಬಡಿಸಿದ ಕೆಂಪು ವೈನಿನಲ್ಲಿ ಮದ್ಯದ ಘಾಟೇ ಮೇಲೆದ್ದು ಹಣ್ಣು ಮುಳುಗುತ್ತದೆ. ಫ್ರಿಜ್ಜಿನಲ್ಲಿಟ್ಟು 16ರಿಂದ 18 ಡಿಗ್ರಿಗೆ ತಂದರೆ ವೈನ್ ಜೀವ ಪಡೆಯುತ್ತದೆ. ಬಿಳಿ ವೈನಿಗೆ 8ರಿಂದ 12 ಸಾಕು, ಅದಕ್ಕಿಂತ ತಣ್ಣಗಾದರೆ ಘಮ ಸತ್ತುಹೋಗುತ್ತದೆ.

ಖಾರ ಒಂದು ನಿಜವಾದ ಸವಾಲು. ಮದ್ಯ ಮೆಣಸಿನ ಉರಿಯನ್ನು ಹೆಚ್ಚಿಸುತ್ತದೆ, ಖಾರದ ಜೊತೆ ಒಗರೂ ಕಟುವಾಗುತ್ತದೆ. ಆದ್ದರಿಂದ ಕೋರಿ ಗಸಿಯ ಮುಂದೆ ಅಮರೋನೆ ಇಡುವುದು ಎರಡಕ್ಕೂ ಅನ್ಯಾಯ. ಮದ್ಯಾಂಶ ಶೇ 5ರ ಆಸುಪಾಸಿನ, ಮೆಲು ಸಿಹಿಯ ಮೊಸ್ಕಾತೊ ದಾಸ್ತಿ ಅಥವಾ ತಣ್ಣಗಿನ ಲಾಂಬ್ರುಸ್ಕೊ ಅಲ್ಲಿ ಹೊಂದುತ್ತದೆ. ಕಾಣೆ ರವಾ ಫ್ರೈಗೆ ವೆರ್ಮೆಂತೀನೊ, ಕಡಿಮೆ ಖಾರದ ಬದನೆಕಾಯಿ ಎಣ್ಣೆಗಾಯಿಗೆ ಬಾರ್ಬೆರಾ ಚೆನ್ನಾಗಿ ಒಗ್ಗುತ್ತವೆ. ಕಡಲೆಕಾಯಿ, ಎಳ್ಳಿನ ಎಣ್ಣೆಯಂಶವನ್ನು ಬಾರ್ಬೆರಾದ ಹುಳಿ ಸಲೀಸಾಗಿ ಕತ್ತರಿಸುತ್ತದೆ.

ಇಟಲಿಯ ನಂಟು ನಮ್ಮ ನೆರೆಯಲ್ಲೇ ಬೇರೂರಿದ ಉದಾಹರಣೆಯೂ ಇದೆ. ವಿಜಯಪುರಕ್ಕೆ ತಾಗಿದ ಸೋಲಾಪುರ ಜಿಲ್ಲೆಯ ಅಕ್ಲೂಜ್‌ನಲ್ಲಿ ಇಟಲಿಯ ಮತ್ತು ಭಾರತದ ಸಹೋದರರು ಕೂಡಿ ಕಟ್ಟಿದ ಫ್ರಾತೆಲ್ಲಿ ಸಂಸ್ಥೆ, ತೊಸ್ಕಾನಾದ ಪಿಯೆರೊ ಮಾಸಿ ಅವರ ಮಾರ್ಗದರ್ಶನದಲ್ಲಿ ಸಾಂಜೊವೇಸೆ ಬೆಳೆದು ವೈನ್ ಮಾಡುತ್ತಿದೆ. ಅದನ್ನೂ ಒಂದು ಕಿಯಾಂತಿ ಕ್ಲಾಸಿಕೊವನ್ನೂ ಪಕ್ಕಪಕ್ಕದಲ್ಲಿಟ್ಟು ಸವಿದರೆ ದಖ್ಖನ್ನಿನ ಬಿಸಿಲು ಒಂದೇ ತಳಿಗೆ ಏನು ಮಾಡುತ್ತದೆ ಎಂಬುದು ಸ್ಪಷ್ಟವಾಗುತ್ತದೆ.

ಆರೋಗ್ಯದ ಮಾತನ್ನು ಮುಚ್ಚಿಡಬಾರದು. ಮದ್ಯದ ಯಾವ ಪ್ರಮಾಣವೂ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ನೇರವಾಗಿ ಹೇಳಿದೆ. ಸವಿಯುವುದಕ್ಕೆ ಗುಟುಕು ಸಾಕು. ಆರು ಜನ ಒಂದು ಬಾಟಲಿ ಹಂಚಿಕೊಂಡು ಮಾತಾಡಿದರೆ ಕಲಿಕೆಗೆ ಕೊರತೆಯಾಗದು. ಕುಡಿಯದವರು ಕುಡಿಯಲು ತೊಡಗಬೇಕೆಂದು ಈ ಲೇಖನ ಹೇಳುತ್ತಿಲ್ಲ.

ರುಚಿಯ ಹೊಣೆ

ಇಂದು ಇಟಲಿಯ ತೋಟಗಳ ಮುಂದಿರುವ ದೊಡ್ಡ ಪ್ರಶ್ನೆ ಹವಾಮಾನದ್ದು. ಕೊಯ್ಲು ಮುಂಚೆಯೇ ಬರುತ್ತಿದೆ, ಸಕ್ಕರೆ ಏರುತ್ತಿದೆ, ಹುಳಿ ಇಳಿಯುತ್ತಿದೆ, ಶೇ 14.5 ಮದ್ಯಾಂಶದ ಬಾರೋಲೊ ಈಗ ಸಾಮಾನ್ಯ. ಬೆಳೆಗಾರರು ಎತ್ತರದ ಇಳಿಜಾರುಗಳತ್ತ, ಉತ್ತರಕ್ಕೆ ಮುಖ ಮಾಡಿದ ಹೊಲಗಳತ್ತ, ಹುಳಿಯನ್ನು ಉಳಿಸಿಕೊಳ್ಳುವ ಹಳೆಯ ತಳಿಗಳತ್ತ ನೋಡುತ್ತಿದ್ದಾರೆ. ಈ ಹೊತ್ತಿನಲ್ಲಿ ಅಳತೆಗೋಲಿನ ಪ್ರಶ್ನೆ ಪಂಡಿತರ ಚರ್ಚೆಯಾಗಿ ಉಳಿದಿಲ್ಲ. ಗಟ್ಟಿತನಕ್ಕೂ ಸಿಹಿಗೂ ಬಹುಮಾನ ಕೊಡುವ ಮಾರುಕಟ್ಟೆ ಬಿಸಿಯಾಗುತ್ತಿರುವ ತೋಟವನ್ನು ಇನ್ನಷ್ಟು ತಪ್ಪು ದಾರಿಗೆ ತಳ್ಳುತ್ತದೆ. ಊಟದ ಜೊತೆ ಹೊಂದುವ ಹುಳಿ, ಹದವಾದ ಒಗರು, ಹಿತವಾದ ಕಹಿಗೆ ಬೆಲೆ ಕೊಡುವ ಕುಡಿಯುವವರು ಇದ್ದರೆ ಎತ್ತರದ ಕಷ್ಟದ ಹೊಲವನ್ನು ಉಳುವುದಕ್ಕೆ ರೈತನಿಗೆ ಕಾರಣ ಸಿಗುತ್ತದೆ. ತಿಮೊರಾಸ್ಸೊ ಬದುಕಿದ್ದು ಒಬ್ಬನ ಹಟದಿಂದ ಶುರುವಾದರೂ, ಅದನ್ನು ಕೇಳಿ ಕೊಂಡ ನಾಲಿಗೆಗಳು ಇಲ್ಲದಿದ್ದರೆ ಆ ಹಟ ಅಲ್ಲಿಗೇ ನಿಲ್ಲುತ್ತಿತ್ತು. ಅಂಗಡಿಯಲ್ಲಿ ಬಾಟಲಿ ಆರಿಸುವಾಗ ಅಂಕ ಕೇಳುವ ಮೊದಲು ಇದು ಯಾವ ಊಟಕ್ಕೆ ಎಂದು ಕೇಳುವ ಗ್ರಾಹಕ, ದೂರದ ಆ ಗುಡ್ಡಗಳಲ್ಲಿ ಯಾವ ಬಳ್ಳಿ ಉಳಿಯಬೇಕೆಂಬ ತೀರ್ಮಾನದಲ್ಲಿ ತಾನೂ ಪಾಲುದಾರನಾಗುತ್ತಾನೆ.